ಮೋಡಕ್ಕೆ ಕೈ ಹಾಕುವ ಮುನ್ನ

2017ರ ಆಗಸ್ಟ್‌ನಲ್ಲಿ ಬೆಂಗಳೂರಿನ ಜಕ್ಕೂರಿನಿಂದ ಮೋಡ ಬಿತ್ತನೆಯ ವಿಮಾನ ಮೇಲೇರಿತು. ಯೋಜನೆಯ ಹೆಸರು ‘ವರ್ಷಧಾರೆ’. ಅದಕ್ಕೂ ಮೊದಲು, 2003ರಲ್ಲಿ, ‘ವರುಣ’ ಎಂಬ ಇಂಥದೇ ಯೋಜನೆ ನಡೆದಿತ್ತು. ಬರ ಬಿದ್ದಾಗಲೇ ಸರ್ಕಾರಕ್ಕೆ ಆಕಾಶ ನೆನಪಾಗುವುದು. ಶ್ರೀರಂಗಪಟ್ಟಣದವರ ಕಣ್ಣು ಆಗ ಕನ್ನಂಬಾಡಿ ಅಣೆಕಟ್ಟೆಯ ನೀರಿನ ಮಟ್ಟದ ಮೇಲಿರುತ್ತದೆ. ನಾಗಮಂಗಲದವರದು ಬಾಡಿದ ರಾಗಿ ಪೈರಿನ ಮೇಲೆ.

ಮೋಡ ಬಿತ್ತನೆ ಊರ ಮಟ್ಟದ ಕೆಲಸ. ಇಡೀ ಭೂಮಿಯನ್ನೇ ತಂಪಾಗಿಸುವ ಯೋಚನೆ ಇದರ ದೊಡ್ಡಣ್ಣ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಉಗುಳಿದ ಗಂಧಕದ ಅನಿಲ ಬಿಸಿಲಿಗೆ ಅಡ್ಡಬಂದು ಭೂಮಿ ಸುಮಾರು ಅರ್ಧ ಡಿಗ್ರಿ ತಣ್ಣಗಾಯಿತು. ಅದನ್ನೇ ಬೇಕೆಂದು ಮಾಡಿದರೆ ಹೇಗೆ ಎಂಬುದು ಲೆಕ್ಕಾಚಾರ. ಭಾರತೀಯ ವಿಜ್ಞಾನ ಸಂಸ್ಥೆಯ ಗೋವಿಂದಸಾಮಿ ಬಾಲ ಮತ್ತು ಸಂಗಡಿಗರ ಮಾದರಿಗಳು ಎಚ್ಚರಿಸುವುದು ಬೇರೆ: ಉತ್ತರ ಧ್ರುವದ ಕಡೆ ಮಾತ್ರ ಬಿಸಿಲು ತಡೆದರೆ ಮಳೆಪಟ್ಟಿ ದಕ್ಷಿಣಕ್ಕೆ ಜರುಗಿ, ನಮ್ಮ ಮುಂಗಾರು ಸೊರಗಬಹುದು. ಕೊಡಗಿನಲ್ಲಿ ಮಳೆ ಸೊರಗಿದರೆ ಪಾಂಡವಪುರದ ನಾಲೆಯಲ್ಲಿ ಏನು ಹರಿದೀತು?

ಮಳೆ, ಮೋಡ, ಬಿಸಿಲುಗಳ ಈ ವಿಜ್ಞಾನದಲ್ಲಿ ಹೆಂಗಸರಿಲ್ಲವೆ? ಇದ್ದಾರೆ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಪ್ರಯೋಗಾಲಯದಲ್ಲಿ ದುಡಿದ ಅನ್ನಾ ಮಣಿಗೆ, ಎಂ.ಎಸ್ಸಿ. ಇಲ್ಲವೆಂದು ಮದ್ರಾಸು ವಿಶ್ವವಿದ್ಯಾಲಯ ಪಿಎಚ್.ಡಿ. ಕೊಡಲಿಲ್ಲ. ಮುಂದೆ ಅವರೇ ಹವಾಮಾನ ಇಲಾಖೆಯಲ್ಲಿ ಓಝೋನ್, ಬಿಸಿಲು ಅಳೆಯುವ ದೇಶೀ ಉಪಕರಣಗಳಿಗೆ ಬುನಾದಿ ಹಾಕಿದರು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ತಾರಾ ಪ್ರಭಾಕರನ್ 2018 ಮತ್ತು 2019ರ ಮುಂಗಾರಿನಲ್ಲಿ ಸೊಲ್ಲಾಪುರದ ಮೋಡ ಬಿತ್ತನೆ ಪ್ರಯೋಗದ ಮುಂದಾಳಾಗಿದ್ದರು. ಕೆ.ಆರ್. ಪೇಟೆಯ ಹಾಗೆ ಅದೂ ಘಟ್ಟದ ಮಳೆನೆರಳಿನ ನೆಲ. ಅಲ್ಲಿ ಕೆಲವು ಮೋಡಗಳಿಗೆ ಬಿತ್ತಿ, ಕೆಲವನ್ನು ಹೋಲಿಕೆಗೆಂದು ಹಾಗೇ ಬಿಟ್ಟರು. ಗಾಳಿ ಸಾಗುವ ದಿಕ್ಕಿನ 100 ಚದರ ಕಿ.ಮೀ.ನಲ್ಲಿ ಸರಾಸರಿ ಶೇ 18ರಷ್ಟು ಹೆಚ್ಚು ಮಳೆ ಕಂಡಿತು. ಪವಾಡವಲ್ಲ, ಲೆಕ್ಕ.

ಆದರೂ 2014ರಲ್ಲಿ ಸಂಶೋಧಕಿ ಹಾಲಿ ಬಕ್ ಮತ್ತು ಸಂಗಡಿಗರು, ಭೂಮಿಯನ್ನು ತಂಪಾಗಿಸುವ ತಂತ್ರಗಳ ಚರ್ಚೆಯಲ್ಲಿ ಹೆಂಗಸರ ದನಿ ತೀರಾ ಕಡಿಮೆ ಎಂದು ಬರೆದರು. ಪ್ರಯೋಗಾಲಯದ ಹೆಸರುಗಳನ್ನಷ್ಟೇ ಎಣಿಸಿದರೆ ಆ ದೂರು ಅರ್ಧ ಮಾತ್ರ ತೀರುತ್ತದೆ. ನಾಟಿ ಹಾಕುವವಳಿಗೆ ಮಳೆ ಬೇಕು. ರಾಗಿ ಕೊಯ್ದು ಕಣಕ್ಕೆ ಹಾಕಿದವಳಿಗೆ ಅದೇ ಮಳೆ ನಷ್ಟ. ಎಷ್ಟು ಸುರಿಯಿತು ಎಂಬುದಕ್ಕಿಂತ ಯಾವಾಗ, ಯಾರ ಹೊಲಕ್ಕೆ ಎಂಬುದು ಅವರ ಪ್ರಶ್ನೆ.

‘ವರ್ಷಧಾರೆ’ ನಡೆಸಿದ್ದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ. ಗ್ರಾಮ ಪಂಚಾಯಿತಿಗಳ ಶೇ 50 ಸ್ಥಾನ ಹೆಂಗಸರಿಗೆ ಮೀಸಲಾಗಿರುವುದೂ ಅದೇ ಇಲಾಖೆಯ ವ್ಯಾಪ್ತಿಯಲ್ಲಿ. ಮುಂದಿನ ವಿಮಾನ ಹಾರುವ ಮೊದಲು ಆ ಸದಸ್ಯೆಯರ ಮುಂದೆ ವೇಳಾಪಟ್ಟಿ ಇಟ್ಟು ಕೇಳಲು ಹೊಸ ಸಂಸ್ಥೆಯೇನೂ ಬೇಕಿಲ್ಲ.