ಲೋಕಲ್ ಗಾಡಿಯ ಪೂರ್ವೋತ್ತರ
(ನಮ್ಮ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವೆಲ್ಲ ಊರಿನಲ್ಲಿ ಬಿಸಿಲು ನೋಡಿ ಹೊತ್ತು ಹೇಳುತ್ತಿದ್ದವರ ಮಕ್ಕಳು. ಮುಂಬಯಿಗೆ ಬಂದ ಮೇಲೆ ನಮ್ಮ ಹೊತ್ತನ್ನು ಹೇಳುವುದು ಲೋಕಲ್ ಗಾಡಿ. ದಿನಕ್ಕೆರಡು ಸಲ ನಮ್ಮನ್ನು ಹೊರುವ ಈ ಗಾಡಿಯ ಪೂರ್ವೋತ್ತರವನ್ನು ಒಂದಿಷ್ಟು ಅರಿತುಕೊಳ್ಳೋಣ.

1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಹೊರಟದ್ದು ಉಗಿಯ ಗಾಡಿ. 1925ರ ಫೆಬ್ರವರಿ 3ರಂದು ಆಗಿನ ವಿಕ್ಟೋರಿಯಾ ಟರ್ಮಿನಸಿನಿಂದ ಹಾರ್ಬರ್ ದಾರಿಯಾಗಿ ಕುರ್ಲಾಕ್ಕೆ ಭಾರತದ ಮೊದಲ ವಿದ್ಯುತ್ ಗಾಡಿ ಓಡಿತು. ಅದಕ್ಕಿದ್ದುದು ನಾಲ್ಕೇ ಡಬ್ಬಿ. 1928ರಲ್ಲಿ ಕೊಲಾಬಾ–ಬೋರಿವಲಿ ದಾರಿಗೂ ವಿದ್ಯುತ್ ಬಂತು. ಮೊದಲ ಡಬ್ಬಿಗಳು ಇಂಗ್ಲೆಂಡ್, ಜರ್ಮನಿಗಳಿಂದ ಬಂದವು; ಸ್ವಾತಂತ್ರ್ಯ ಬಂದ ಮೇಲೆ ಕಲಕತ್ತೆಯ ಜೆಸಪ್ ಹಾಗೂ ಪೆರಂಬೂರಿನ ಕಾರ್ಖಾನೆಗಳಲ್ಲಿ ನಮ್ಮವರೇ ಕಟ್ಟತೊಡಗಿದರು.

ಉಗಿಯ ಗಾಡಿ ಕೊನೆಯ ನಿಲ್ದಾಣ ಮುಟ್ಟಿದರೆ ಎಂಜಿನ್ನು ಬಿಚ್ಚಿ ಇನ್ನೊಂದು ತುದಿಗೆ ಕಟ್ಟಬೇಕು. ಲೋಕಲ್ ಗಾಡಿಗೆ ಆ ತಾಪತ್ರಯವಿಲ್ಲ. ಮೋಟಾರುಗಳು ಡಬ್ಬಿಗಳ ಅಡಿಯಲ್ಲೇ ಇವೆ. ಮೋಟರ್‌ಮನ್ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದುಹೋದರೆ ಗಾಡಿ ತಿರುಗಿದಂತೆ. ಹೊರಟ ಕ್ಷಣಕ್ಕೆ ವೇಗ ಹಿಡಿಯುವುದರಿಂದ ಒಂದರ ಬೆನ್ನಿಗೆ ಇನ್ನೊಂದನ್ನು ಬಿಡಬಹುದು.

ಗಾಡಿ ವೇಗವಾದಂತೆ ನಮ್ಮ ಖೋಲಿಗಳು ದೂರವಾದವು. ಬಾಡಿಗೆ ಕಡಿಮೆ ಇರುವಲ್ಲಿ ಮನೆ ಮಾಡಿ, ಪಾಸು ತೆಗೆದು ಬರುವವರು ಹೆಚ್ಚಿದರು. ನಾಲ್ಕು ಡಬ್ಬಿ ಒಂಬತ್ತಾಯಿತು, ಹನ್ನೆರಡಾಯಿತು. ನೂಕುನುಗ್ಗಲು ಮಾತ್ರ ಕಡಿಮೆಯಾಗಲಿಲ್ಲ.

ಇಲ್ಲೇ ಹಳೆಯ ಪದ್ಧತಿಗೆ ಉಸಿರು ಕಟ್ಟಿತು. ತಂತಿಯಲ್ಲಿದ್ದುದು 1,500 ವೋಲ್ಟಿನ ಏಕಮುಖ ವಿದ್ಯುತ್ತು. ಒತ್ತಡ ಕಡಿಮೆಯಿದ್ದರೆ ಅದೇ ಕೆಲಸಕ್ಕೆ ಹೆಚ್ಚು ಪ್ರವಾಹ ಹರಿಯಬೇಕು. ತಂತಿ ದಪ್ಪವಿರಬೇಕು, ಸಬ್‌ಸ್ಟೇಷನ್ನುಗಳು ಹತ್ತಿರ ಹತ್ತಿರ ಇರಬೇಕು. 25,000 ವೋಲ್ಟಿನಲ್ಲಿ ಅದೇ ಶಕ್ತಿಗೆ ಸುಮಾರು ಹದಿನೇಳರಲ್ಲೊಂದು ಪಾಲು ಪ್ರವಾಹ ಸಾಕು. ಆದರೆ ದಿನವೂ ಲಕ್ಷಾಂತರ ಜನ ಓಡಾಡುವ ದಾರಿಯನ್ನು ಮುಚ್ಚಿ ರಿಪೇರಿ ಮಾಡುವಂತಿಲ್ಲ. ಅದಕ್ಕಾಗಿ ಎರಡೂ ಬಗೆಯ ವಿದ್ಯುತ್ತಿನಲ್ಲಿ ಓಡುವ ಗಾಡಿಗಳನ್ನು ತಂದು ತುಂಡು ತುಂಡಾಗಿ ಬದಲಾಯಿಸಿದರು. ಪಶ್ಚಿಮ ರೈಲ್ವೆಯಲ್ಲಿ 2012ಕ್ಕೆ ಕೆಲಸ ಮುಗಿಯಿತು. ಮೊದಲು ವಿದ್ಯುತ್ ಕಂಡ ಹಾರ್ಬರ್ ದಾರಿಯೇ 2016ರ ಏಪ್ರಿಲಿನಲ್ಲಿ ಹಳೆಯ ವಿದ್ಯುತ್ತಿಗೆ ಕೊನೆಯದಾಗಿ ವಿದಾಯ ಹೇಳಿತು.

ಹೊಸ ಗಾಡಿಗಳಲ್ಲಿ ಬ್ರೇಕು ಹಾಕಿದಾಗ ಹುಟ್ಟುವ ವಿದ್ಯುತ್ತು ತಂತಿಗೆ ಮರಳುತ್ತದೆ. ವಿದ್ಯುತ್ತನ್ನು ಉಳಿಸುವ ವಿದ್ಯೆ ಕೈಗೂಡಿತು. ಪ್ರಾಣ ಉಳಿಸುವ ಬಾಗಿಲು ತಡವಾಯಿತು. ತಾನಾಗಿ ಮುಚ್ಚುವ ಬಾಗಿಲಿನ ಹವಾನಿಯಂತ್ರಿತ ಲೋಕಲ್ ಬಂದದ್ದು 2017ರ ಡಿಸೆಂಬರಿನಲ್ಲಿ. ಅದರ ದರ ನಮ್ಮಂಥವರಿಗೆ ಭಾರ. 2025ರ ಜೂನ್ 9ರಂದು ಮುಂಬ್ರಾ ಬಳಿ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಯ ಮೇಲೆ ಬಿದ್ದರು. ಕೆಲವರು ಮನೆಗೆ ಮರಳಲಿಲ್ಲ.

ಜೋತುಬೀಳುವವರೆಲ್ಲ ಹುಡುಗಾಟಕ್ಕೆ ಜೋತುಬೀಳುವುದಿಲ್ಲ. ತಡವಾದರೆ ಹಾಜರಿ ಹೋಗುತ್ತದೆ, ಹಾಜರಿ ಹೋದರೆ ಸಂಬಳಕ್ಕೆ ಕತ್ತರಿ. ಇದನ್ನು ನಾವು ಬಲ್ಲೆವು. ಅಗ್ಗದ ಡಬ್ಬಿಗೂ ಬಾಗಿಲು ಬೇಕೆಂದು ನಾವು ಒಟ್ಟಾಗಿ ಕೇಳೋಣ. ಅದು ಬರುವ ತನಕ ಒಂದು ಮಾತು ನೆನಪಿರಲಿ: ತಪ್ಪಿದ ಗಾಡಿಯ ಹಿಂದೆ ಇನ್ನೊಂದು ಗಾಡಿ ಬರುತ್ತದೆ, ಊರಿನಲ್ಲಿ ನಮ್ಮ ದಾರಿ ಕಾಯುವವರಿಗೆ ನಮ್ಮ ಬದಲು ಇನ್ನೊಬ್ಬರು ಬರುವುದಿಲ್ಲ.