ಹಳೆಯ ಪಿಕಪ್ ತೊಟ್ಟಿಯಿಂದ ಜಮೀನಿನ ಟ್ರೈಲರ್



ಆಂಡರ್ಸನ್‌ಪೇಟೆಯಿಂದ ಬೇತಮಂಗಲದ ಕಡೆಗಾಗಲಿ ಬಂಗಾರಪೇಟೆಯ ಕಡೆಗಾಗಲಿ ಹೊರಟರೆ ದಾರಿಯುದ್ದಕ್ಕೂ ಕಾಣುವುದು ಬಹುಮಟ್ಟಿಗೆ ಸಣ್ಣ ಹಿಡುವಳಿಗಳೇ. ಎರಡು ಮೂರು ಎಕರೆಯಲ್ಲಿ ಒಂದಿಷ್ಟು ರಾಗಿ, ಒಂದಿಷ್ಟು ಟೊಮೆಟೊ, ಬದಿಯಲ್ಲಿ ಹಿಪ್ಪುನೇರಳೆ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಇಂಥ ಬೇಸಾಯದಲ್ಲಿ ಸಾಗಿಸಬೇಕಾದ ಹೊರೆ ದಿನವೂ ಇರುತ್ತದೆ. ಆದರೆ ಒಂದು ಸಲಕ್ಕೆ ಲಾರಿ ತುಂಬುವಷ್ಟು ಇರುವುದಿಲ್ಲ. ಬೆಳಿಗ್ಗೆ ಹುಳುಮನೆಗೆ ಸೊಪ್ಪು, ಮಧ್ಯಾಹ್ನ ತಿಪ್ಪೆಗೊಬ್ಬರ, ಕಟಾವಿನ ದಿನ ಟೊಮೆಟೊ ಬಾಕ್ಸು, ಬೇಸಗೆಯಲ್ಲಿ ಕೆರೆಯ ಗೋಡು. ಮೊದಲು ಇದನ್ನೆಲ್ಲ ಎತ್ತಿನ ಗಾಡಿ ನಡೆಸಿಕೊಡುತ್ತಿತ್ತು. ಈಗ ಎತ್ತು ಕಟ್ಟುವವರು ಕಡಿಮೆ. ಸಣ್ಣ ಟ್ರಾಕ್ಟರ್ ಕೊಂಡವರಿಗೆ ಪೇಟೆಯಲ್ಲಿ ಸಿಗುವ ದೊಡ್ಡ ಟ್ರೈಲರ್ ಹೊಂದುವುದಿಲ್ಲ. ಆದ್ದರಿಂದಲೇ ಗುಜರಿಯಲ್ಲಿ ಬಿದ್ದಿರುವ ಹಳೆಯ ಪಿಕಪ್ ಗಾಡಿಯ ಹಿಂಭಾಗವನ್ನು ಕತ್ತರಿಸಿ ಟ್ರೈಲರ್ ಮಾಡಿಕೊಳ್ಳುವ ಯೋಚನೆ ಹಲವರಿಗೆ ಬರುತ್ತದೆ. ಯೋಚನೆ ಕೆಟ್ಟದ್ದೇನಲ್ಲ. ಮಾಡುವ ಕ್ರಮ ಮಾತ್ರ ಸರಿಯಾಗಿರಬೇಕು.

ಈ ಭಾಗದಲ್ಲಿ ಕಬ್ಬಿಣದ ಕೆಲಸ ಬಲ್ಲವರಿಗೆ ಕೊರತೆಯಿಲ್ಲ. ಕೋಲಾರ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆದರೆ ನೂರಿಪ್ಪತ್ತು ವರ್ಷ ಇಲ್ಲಿ ಬೆಳೆದ ಫಿಟ್ಟರ್, ಟರ್ನರ್, ವೆಲ್ಡರ್‌ಗಳ ಕೈಗಾರಿಕೆ ಗಣಿಯೊಂದಿಗೆ ಮುಚ್ಚಿಹೋಗಲಿಲ್ಲ. ಬುಲ್ಡೋಜರ್ ತಯಾರಿಸುವ ಬಿ.ಇ.ಎಂ.ಎಲ್. ಕಾರ್ಖಾನೆಯೂ ಇದೇ ಊರಿನಲ್ಲಿದೆ. ವೆಲ್ಡಿಂಗ್ ಮಾಡಿಸುವುದು ಇಲ್ಲಿ ಸುಲಭ. ಎಲ್ಲಿ ವೆಲ್ಡಿಂಗ್ ಮಾಡಬೇಕು, ಎಲ್ಲಿ ಮಾಡಬಾರದು ಎಂಬುದನ್ನು ಹೇಳಿ ಮಾಡಿಸುವುದು ರೈತನ ಹೊಣೆ.

ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ತೊಟ್ಟಿಯ ಮೇಲೆ. ತಗಡು ಚೆನ್ನಾಗಿದೆಯೇ, ಹಿಂಬಾಗಿಲು ಮುಚ್ಚುತ್ತದೆಯೇ, ಬಣ್ಣ ಉಳಿದಿದೆಯೇ ಎಂದು ನೋಡಿ ಬೆಲೆ ಮಾತಾಡುತ್ತಾರೆ. ನಿಜಕ್ಕೂ ಇಡೀ ಸಾಮಾನಿನಲ್ಲಿ ಅಗ್ಗವಾದದ್ದು ತೊಟ್ಟಿಯೇ. ತಗಡು ತೂತಾದರೆ ಹೊಸ ತಗಡು ಹಾಕಿಸಬಹುದು, ಹಲಗೆಯನ್ನಾದರೂ ಹೊದಿಸಬಹುದು. ಬೆಲೆ ಇರುವುದು ತೊಟ್ಟಿಯ ಕೆಳಗೆ: ಚಾಸಿಯ ಎರಡು ಉದ್ದನೆಯ ಪಟ್ಟಿಗಳು, ಅಚ್ಚು, ಕಮಾನು, ಹಬ್ಬು, ಬ್ರೇಕ್ ಡ್ರಮ್ಮು. ಇವು ಗಟ್ಟಿಯಾಗಿದ್ದರೆ ಮಾತ್ರ ಕೊಳ್ಳಬೇಕು. ಒಂದು ಸುತ್ತಿಗೆ ತೆಗೆದುಕೊಂಡು ಚಾಸಿಯ ಪಟ್ಟಿಯನ್ನು ಉದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಕಣಕಣ ಎನ್ನುತ್ತದೆ. ತುಕ್ಕು ತಿಂದ ಜಾಗ ಮೊಂಡಾಗಿ ಸದ್ದು ಕೊಡುತ್ತದೆ. ಕಮಾನಿನ ಕೊಂಡಿ ಕೂರುವ ಜಾಗದಲ್ಲಿ ಬಿರುಕು ಇದೆಯೇ ಎಂದು ಮಣ್ಣು ಕೆರೆದು ನೋಡಿ. ಅಲ್ಲಿ ಬಿರುಕು ಬಿಟ್ಟ ಗಾಡಿಯನ್ನು ಪುಕ್ಕಟೆ ಕೊಟ್ಟರೂ ಬೇಡವೆನ್ನಿ.

ಕತ್ತರಿಸುವ ಮುನ್ನ ಕಾಗದದ ಕೆಲಸ. 1988ರ ಮೋಟಾರು ವಾಹನ ಕಾಯ್ದೆಯು ಟ್ರೈಲರನ್ನೂ ಮೋಟಾರು ವಾಹನವೆಂದೇ ಎಣಿಸುತ್ತದೆ. ರಸ್ತೆಗೆ ಇಳಿಯಬೇಕಾದರೆ ಅದಕ್ಕೂ ನೋಂದಣಿ ಬೇಕು. ಇನ್ನೊಂದು ಕಡೆ, ಹಳೆಯ ಪಿಕಪ್ ಗಾಡಿಯನ್ನು ಕತ್ತರಿಸಿದ ಮೇಲೆ ಅದು ಗಾಡಿಯಾಗಿ ಉಳಿಯುವುದಿಲ್ಲ. ಅದರ ನೋಂದಣಿ ರದ್ದಾಗಬೇಕು. ಬಳಕೆಗೆ ಬಾರದಂತಾದ ವಾಹನದ ವಿಷಯವನ್ನು 14 ದಿನಗಳೊಳಗೆ ತಿಳಿಸಬೇಕೆಂದು ಅದೇ ಕಾಯ್ದೆಯ 55ನೆಯ ಕಲಮು ಹೇಳುತ್ತದೆ. ಆದ್ದರಿಂದ ಕೆ.ಜಿ.ಎಫ್.ನ ಸಾರಿಗೆ ಕಚೇರಿಗೆ, ಅಂದರೆ ಕೆಎ-08 ಸಂಖ್ಯೆ ಕೊಡುವ ಕಚೇರಿಗೆ, ಮೊದಲೇ ಹೋಗಿ ಎರಡೂ ವಿಷಯ ಕೇಳಿ: ಹಳೆಯ ಗಾಡಿಯ ಆರ್.ಸಿ. ರದ್ದು ಮಾಡಿಸುವುದು ಹೇಗೆ, ಕೈಯಲ್ಲಿ ಮಾಡಿದ ಟ್ರೈಲರಿಗೆ ನೋಂದಣಿ ಸಿಗುತ್ತದೆಯೇ ಇಲ್ಲವೇ. ಸಿಗುವುದಿಲ್ಲವೆಂದರೆ ಟ್ರೈಲರ್ ನಿಮ್ಮ ಜಮೀನಿನ ಒಳಗಿನ ಕೆಲಸಕ್ಕೆ ಮಾತ್ರ. ತಿಪ್ಪೆಯಿಂದ ಹೊಲಕ್ಕೆ, ತೋಟದಿಂದ ಹುಳುಮನೆಗೆ ಓಡಾಡಿದರೂ ಅದು ತನ್ನ ದುಡ್ಡು ತೀರಿಸುತ್ತದೆ. ಮಾರುಕಟ್ಟೆಗೆ ಹೋಗಲು ಬೇರೆ ಏರ್ಪಾಟು ಮಾಡಿಕೊಳ್ಳಿ. ಇದನ್ನು ಕೇಳದೆ ದುಡ್ಡು ಸುರಿದ ಮೇಲೆ ಪೇಚಾಡಿ ಫಲವಿಲ್ಲ.

ಇನ್ನು ಕತ್ತರಿಸುವುದು. ತೊಟ್ಟಿಯನ್ನು ಚಾಸಿಯಿಂದ ಬಿಚ್ಚಿ ಬೇರೊಂದು ಚೌಕಟ್ಟಿಗೆ ಕೂರಿಸುವುದಕ್ಕಿಂತ, ಚಾಲಕನ ಕೋಣೆಯ ಹಿಂದೆ ಚಾಸಿಯನ್ನೇ ಕತ್ತರಿಸಿ ತೊಟ್ಟಿ, ಪಟ್ಟಿ, ಅಚ್ಚು ಮೂರನ್ನೂ ಒಟ್ಟಿಗೆ ಉಳಿಸಿಕೊಳ್ಳುವುದು ಉತ್ತಮ. ಕಾರ್ಖಾನೆ ಕೂರಿಸಿದ ಅಚ್ಚು ನೆಟ್ಟಗಿರುತ್ತದೆ. ಕೈಯಲ್ಲಿ ಕೂರಿಸಿದ್ದು ಒಂದು ಬೆರಳು ಓರೆಯಾದರೂ ಟೈರು ಒಂದೇ ಪಕ್ಕ ಸವೆದು ಹೋಗುತ್ತದೆ. ಗ್ಯಾಸ್ ಕಟ್ಟರ್ ಹಚ್ಚುವ ಮೊದಲು ಇಂಧನದ ಟ್ಯಾಂಕು, ಅದರ ಪೈಪು, ಬ್ಯಾಟರಿ ಇವನ್ನು ಬಿಚ್ಚಿ ದೂರ ಇಡಬೇಕು. ಖಾಲಿ ಟ್ಯಾಂಕಿನಿಂದ ಭಯವಿಲ್ಲ ಎಂದು ತಿಳಿಯುವುದು ದೊಡ್ಡ ತಪ್ಪು. ಒಳಗೆ ಉಳಿದ ಆವಿ ಗಾಳಿಯೊಡನೆ ಬೆರೆತು ಸಿಡಿಯುತ್ತದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಈ ವಿಷಯದಲ್ಲಿ ಹೆಚ್ಚು ಅಪಾಯಕರ. ಹಾಗೆಯೇ ಕಮಾನಿನ ಪಟ್ಟಿಗಳ ಹತ್ತಿರ ಉರಿ ಹಿಡಿಯಬಾರದು. ಕಾದ ಕಮಾನಿನ ಹದ ಕೆಟ್ಟು ಹೊರೆ ಬಿದ್ದಾಗ ಮುರಿಯುತ್ತದೆ. ಅಚ್ಚಿನ ಕೊಳವೆಯ ಮೇಲೂ ವೆಲ್ಡಿಂಗ್ ಬೇಡ.

ಹಿಂದಿನ ಅಚ್ಚಿನ ನಡುವೆ ಡಿಫರೆನ್ಷಿಯಲ್ ಇರುತ್ತದೆ. ಅದನ್ನು ತೆಗೆಯುವ ಗೋಜು ಬೇಡ. ಉದ್ದ ಶಾಫ್ಟನ್ನು ಮಾತ್ರ ಬಿಚ್ಚಿ, ಬಾಯಿಗೆ ಮಣ್ಣು ಹೋಗದಂತೆ ತಗಡು ಮುಚ್ಚಿದರೆ ಸಾಕು. ಎಳೆಯುವಾಗ ಒಳಗಿನ ಹಲ್ಲುಗಳು ಸುಮ್ಮನೆ ತಿರುಗುತ್ತಿರುತ್ತವೆಯಾದ್ದರಿಂದ ಆಯಿಲ್ ಮಟ್ಟ ನೋಡಿಕೊಳ್ಳಬೇಕು.

ಮುಂದಿನದು ಮೂಕಿ. ಚಾಸಿಯ ಎರಡು ಪಟ್ಟಿಗಳಿಂದ ಹೊರಟು ಮುಂದೆ ಒಂದೆಡೆ ಸೇರುವಂತೆ 75 ಮಿ.ಮೀ. ಚಾನಲ್ ಕಬ್ಬಿಣವನ್ನು ಇಳಿಜಾರಾಗಿ ಜೋಡಿಸುತ್ತಾರೆ. ಇಲ್ಲಿ ಮಾಡುವ ಸಾಮಾನ್ಯ ತಪ್ಪೆಂದರೆ ಚಾನಲ್ ತುದಿಯನ್ನು ಪಟ್ಟಿಯ ತುದಿಗೆ ಮೂತಿಗೆ ಮೂತಿ ಇಟ್ಟು ವೆಲ್ಡ್ ಮಾಡುವುದು. ಗುಂಡಿಯಲ್ಲಿ ಒಂದು ಸಲ ಚಕ್ರ ಇಳಿದರೆ ಆ ಬೆಸುಗೆಯೇ ಬಿಡುವುದು. ಚಾನಲನ್ನು ಪಟ್ಟಿಯ ಕೆಳಗೆ ಎರಡು ಅಡಿಯಾದರೂ ಒಳಗೆ ತಂದು, ಬೋಲ್ಟು ಹಾಕಿ, ಮೂಲೆಗಳಿಗೆ ತ್ರಿಕೋನದ ತಗಡು ಕೊಟ್ಟು ಬಿಗಿಯಬೇಕು. ತುದಿಯ ಕೊಂಡಿಗೆ ದಪ್ಪ ಪಿನ್ನು, ಪಿನ್ನಿಗೆ ಕಡಾಣಿ. ಗಾಡಿಯ ಚಕ್ರ ಕಡಾಣಿಯಿಂದ ನಿಂತಿದೆ ಎಂದು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಟ್ರೈಲರಿನ ಪಿನ್ನಿಗೆ ಮಾತ್ರ ತಂತಿ ಸುತ್ತಿ ಬಿಡುವವರು ಈಗಲೂ ಇದ್ದಾರೆ. ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕೆ ಜನರನ್ನು ಇಳಿಸಿದ ಊರಿನಲ್ಲಿ ಕೊಂಡಿ, ಹಗ್ಗ ಪರೀಕ್ಷಿಸುವ ಅಭ್ಯಾಸ ಹೊಸದಲ್ಲ. ಪಿನ್ನು ಹಾರಿದರೂ ಮೂಕಿ ನೆಲಕ್ಕೆ ಬೀಳದಂತೆ ಎರಡು ಸರಪಳಿಗಳನ್ನು ಮೂಕಿಯ ಕೆಳಗೆ ಅಡ್ಡಡ್ಡ ಹಾಯಿಸಿ ಟ್ರಾಕ್ಟರಿಗೆ ಕಟ್ಟಬೇಕು.

ಟ್ರಾಕ್ಟರಿನಲ್ಲಿ ಕೊಂಡಿ ಹಾಕುವ ಜಾಗ ಕೆಳಗಿನ ಡ್ರಾಬಾರ್ ಒಂದೇ. ಹಿಂದಿನ ಅಚ್ಚಿಗಿಂತ ಮೇಲೆ ಎಲ್ಲಿ ಕಟ್ಟಿ ಎಳೆದರೂ ಟ್ರಾಕ್ಟರಿನ ಮುಂದಿನ ಚಕ್ರ ಎದ್ದು ಚಾಲಕನ ಮೇಲೆ ಮಗುಚಬಹುದು. ಏರಿನಲ್ಲಿ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ; ನೆಗೆಯಲು ಸಮಯವಿರುವುದಿಲ್ಲ.

ಮುಂಭಾರ, ಹಿಂಭಾರದ ವಿಷಯವನ್ನು ಗಾಡಿ ಹೊಡೆದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಗಂಟಲು ಬಿಗಿಯುತ್ತದೆ. ಮುಂಭಾರ ಅತಿಯಾದರೆ ಹೆಗಲು ಹುಣ್ಣಾಗುತ್ತದೆ. ಎರಡು ಚಕ್ರದ ಟ್ರೈಲರಿಗೂ ಇದೇ ಲೆಕ್ಕ. ಒಟ್ಟು ತೂಕದ ಹತ್ತನೆಯ ಒಂದು ಪಾಲು, ಹೆಚ್ಚೆಂದರೆ ಏಳನೆಯ ಒಂದು ಪಾಲು ಕೊಂಡಿಯ ಮೇಲೆ ಇರಬೇಕು. ತೊಟ್ಟಿ 240 ಸೆಂ.ಮೀ. ಉದ್ದ, ಮೂಕಿ 120 ಸೆಂ.ಮೀ. ಇದೆಯೆಂದು ಇಟ್ಟುಕೊಳ್ಳಿ. ಸಮನಾಗಿ ತುಂಬಿದ ಹೊರೆಯ ನಡುವು ಕೊಂಡಿಯಿಂದ 240 ಸೆಂ.ಮೀ. ದೂರಕ್ಕೆ ಬರುತ್ತದೆ. ಅಚ್ಚು ಅದಕ್ಕಿಂತ 27 ಸೆಂ.ಮೀ. ಹಿಂದಿದ್ದರೆ, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಹಿಂದಿದ್ದರೆ, ಸಾವಿರ ಕಿಲೋ ಹೊರೆಯಲ್ಲಿ ಸುಮಾರು ನೂರು ಕಿಲೋ ಕೊಂಡಿಗೆ ಬೀಳುತ್ತದೆ. ತೊಟ್ಟಿಯ ನಡುವಿಗೆ ಸುಣ್ಣದಲ್ಲಿ ಒಂದು ಗೆರೆ ಎಳೆದು, ಅಚ್ಚು ಆ ಗೆರೆಯ ಹಿಂದಿದೆಯೋ ಮುಂದಿದೆಯೋ ನೋಡಿ. ಮುಂದಿದ್ದರೆ ಕಮಾನಿನ ಕೊಂಡಿಗಳನ್ನು ಅಳತೆಯಿಟ್ಟು ಹಿಂದಕ್ಕೆ ಸರಿಸಲೇಬೇಕು. ಕೆಲಸ ಮುಗಿದ ಮೇಲೆ ತುಂಬಿದ ಟ್ರೈಲರಿನ ಮೂಕಿಯನ್ನು ಮಂಡಿಯ ತೂಕದ ಯಂತ್ರದ ಮೇಲಿಟ್ಟು ನೋಡಿದರೆ ಸಂಶಯ ಉಳಿಯುವುದಿಲ್ಲ. ಹಿಂಭಾರದ ಟ್ರೈಲರ್ ಬೇಗ ಓಡಿಸಿದಾಗ ಹಾವಿನಂತೆ ಬಾಲ ಹೊಡೆಯುತ್ತದೆ. ಏರಿನಲ್ಲಿ ಟ್ರಾಕ್ಟರಿನ ಹಿಂಚಕ್ರವನ್ನೇ ಎತ್ತಿ ಹಿಡಿತ ತಪ್ಪಿಸುತ್ತದೆ.

ಎಷ್ಟು ತುಂಬಬಹುದು ಎಂಬುದು ಮುಂದಿನ ಪ್ರಶ್ನೆ. ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಪಿಕಪ್ ಗಾಡಿಯ ಅಚ್ಚು ಕಮಾನುಗಳಿಗೆ, ಅವು ಹಳೆಯವಾಗಿರುವುದರಿಂದ, ಒಂದು ಟನ್ ಹೊರೆ ಸಾಕು. 8 ಅಡಿ ಉದ್ದ, 5 ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ 60 ಘನ ಅಡಿ ಜಾಗವಿರುತ್ತದೆ. ಅದರ ತುಂಬ ಹಿಪ್ಪುನೇರಳೆ ಸೊಪ್ಪು ತುಂಬಿದರೆ ಟ್ರಾಕ್ಟರಿಗೆ ಗೊತ್ತೇ ಆಗುವುದಿಲ್ಲ. ಹದಿನೈದು ಕಿಲೋ ಟೊಮೆಟೊ ಬಾಕ್ಸು 60 ಇಟ್ಟರೆ 9 ಕ್ವಿಂಟಾಲ್, ಬಾಕ್ಸಿನ ತೂಕ ಸೇರಿ ಒಂದು ಟನ್ನಿನ ಹತ್ತಿರ. ತಿಪ್ಪೆಗೊಬ್ಬರವೂ ಹೆಚ್ಚು ಕಡಿಮೆ ಅಷ್ಟೇ, ಹಸಿಯಿದ್ದರೆ ಇನ್ನೂ ಹೆಚ್ಚು. ಆದರೆ ಅದೇ ತೊಟ್ಟಿಗೆ ಕೆರೆಯ ಹಸಿ ಗೋಡನ್ನು ಅಂಚಿನ ಮಟ್ಟಕ್ಕೆ ತುಂಬಿದರೆ ತೂಕ ಮೂರು ಟನ್ನಿಗೆ ಹತ್ತಿರ ಬರುತ್ತದೆ! ಕಣ್ಣಿಗೆ ತೊಟ್ಟಿ ಒಂದೇ; ಅಚ್ಚಿಗೆ ಮೂರು ಪಾಲು. ಕೋಲಾರದ ಸೀಮೆ ಕೆರೆಗಳ ಸೀಮೆ. ಬೇಸಗೆಯಲ್ಲಿ ಗೋಡು ಹೊಡೆಯುವುದು ಹೊಲಕ್ಕೆ ಒಳ್ಳೆಯದು, ಬಿಡಬೇಕಾಗಿಲ್ಲ. ಆದರೆ ತೊಟ್ಟಿಯ ಒಳಗೋಡೆಯಲ್ಲಿ ತಳದಿಂದ ಅರ್ಧ ಅಡಿ ಎತ್ತರಕ್ಕೆ ಕೆಂಪು ಬಣ್ಣದ ಗೆರೆ ಎಳೆಸಿ. ಹಸಿ ಗೋಡು, ಮರಳು, ಮಣ್ಣು ಯಾವುದೇ ಆಗಲಿ ಆ ಗೆರೆ ದಾಟಬಾರದು. ತುಂಬುವ ಕೂಲಿಯವರಿಗೆ ಟನ್ನಿನ ಲೆಕ್ಕ ಹೇಳುವುದಕ್ಕಿಂತ ಗೆರೆ ತೋರಿಸುವುದು ಸುಲಭ.

ರಾಗಿ ಹುಲ್ಲಿನ ತೊಂದರೆ ಬೇರೆ. ತೂಕವಿಲ್ಲ, ಎತ್ತರ ವಿಪರೀತ. ಕೆರೆ ಏರಿಯ ಮೇಲೆ ಒಂದು ಪಕ್ಕದ ಚಕ್ರ ಜಾರಿದರೂ ಸಾಕು, ಮಗುಚಲು.

ಹೊರೆಯನ್ನು ಎಳೆಯುವುದಕ್ಕಿಂತ ನಿಲ್ಲಿಸುವುದು ಕಷ್ಟ. ಸಣ್ಣ ಟ್ರಾಕ್ಟರಿನ ತೂಕ ಒಂದು ಟನ್ನಿನ ಆಸುಪಾಸು. ಹಿಂದಿನ ಹೊರೆಯೂ ಅಷ್ಟೇ, ತೊಟ್ಟಿ ಅಚ್ಚುಗಳ ತೂಕ ಬೇರೆ. ಇಳಿಜಾರಿನಲ್ಲಿ ಟ್ರೈಲರೇ ಟ್ರಾಕ್ಟರನ್ನು ತಳ್ಳಿಕೊಂಡು ಹೋಗುತ್ತದೆ. ಅದೃಷ್ಟವಶಾತ್ ಪಿಕಪ್ ಅಚ್ಚಿನಲ್ಲಿ ಬ್ರೇಕ್ ಡ್ರಮ್ಮು, ಶೂ, ಹ್ಯಾಂಡ್‌ಬ್ರೇಕಿನ ಕೇಬಲ್ ಮೊದಲೇ ಇರುತ್ತವೆ. ಗುಜರಿಯವನು ತಾಮ್ರದ ಪೈಪಿನ ಆಸೆಗೆ ಎಲ್ಲವನ್ನೂ ಕಿತ್ತುಕೊಳ್ಳುವ ಮುನ್ನ ಇದನ್ನು ಉಳಿಸಿಕೊಳ್ಳಿ. ಹೊಸ ಲೈನಿಂಗ್ ಹಾಕಿಸಿ, ಕೇಬಲನ್ನು ಮೂಕಿಯ ಮೇಲಿನ ಒಂದು ಲಿವರಿಗೆ ಜೋಡಿಸಿ, ಚಾಲಕ ಕುಳಿತಲ್ಲಿಂದಲೇ ಎಳೆಯುವಂತೆ ಮಾಡಿಸಬೇಕು. ಬ್ರೇಕ್ ಇಲ್ಲದ ಟ್ರೈಲರಿನಲ್ಲಿ ಟ್ರಾಕ್ಟರಿನ ತೂಕಕ್ಕಿಂತ ಹೆಚ್ಚು ಹೇರುವುದು ಜೀವಕ್ಕೆ ಬಾಜಿ ಕಟ್ಟಿದಂತೆ. ಟ್ರಾಕ್ಟರಿನ ಎರಡು ಬ್ರೇಕ್ ಪೆಡಲುಗಳನ್ನು ಉಳುಮೆಯಲ್ಲಿ ಬೇರೆ ಬೇರೆ ಬಳಸುತ್ತೇವೆ. ಟ್ರೈಲರ್ ಕಟ್ಟಿದಾಗ ಅವನ್ನು ಕೂಡಿಸುವ ಕೊಕ್ಕೆಯನ್ನು ಹಾಕಿಯೇ ಹೊರಡಬೇಕು. ಒಂದೇ ಪೆಡಲ್ ಒತ್ತಿದರೆ ಟ್ರಾಕ್ಟರ್ ಪಕ್ಕಕ್ಕೆ ತಿರುಗಿ ಟ್ರೈಲರ್ ಅದರ ಮೇಲೆ ಮಡಚಿಕೊಳ್ಳುತ್ತದೆ. ಇಳಿಜಾರು ಬರುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ನಡುದಾರಿಯಲ್ಲಿ ಗೇರು ಬದಲಿಸಲು ಹೋಗಬೇಡಿ.

ಪವರ್ ಟಿಲ್ಲರ್ ಇಟ್ಟುಕೊಂಡವರಿಗೆ ಈ ಟ್ರೈಲರನ್ನು ಶಿಫಾರಸು ಮಾಡುವಂತಿಲ್ಲ. ಟಿಲ್ಲರಿನಲ್ಲಿ ಚಾಲಕ ಕೂರುವುದೂ ಬ್ರೇಕ್ ತುಳಿಯುವುದೂ ಟ್ರೈಲರಿನ ಮೇಲೆಯೇ. ಆ ಏರ್ಪಾಟು ಕೈಯಲ್ಲಿ ಕೂಡಿಬರುವುದು ಕಷ್ಟ. ಅವರು ಕಾರ್ಖಾನೆಯ ಟ್ರೈಲರ್ ಕೊಳ್ಳುವುದೇ ಮೇಲು.

ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಹಲ್ಲು ಎಷ್ಟೇ ಚೆನ್ನಾಗಿರಲಿ, ಗುಜರಿಯ ಬಿಸಿಲಿನಲ್ಲಿ ವರ್ಷಗಟ್ಟಲೆ ಬಿದ್ದು ಪಕ್ಕದಲ್ಲಿ ಬಿರುಕು ಬಿಟ್ಟ ಟೈರು ಹೊರೆ ತಡೆಯುವುದಿಲ್ಲ. ಬೇರಿಂಗುಗಳನ್ನು ತೊಳೆದು ಹೊಸ ಗ್ರೀಸ್ ತುಂಬಿಸಿ. ಕಮಾನನ್ನು ಅಚ್ಚಿಗೆ ಹಿಡಿಯುವ ಯು-ಬೋಲ್ಟುಗಳನ್ನು ಮೊದಲ ಹೊರೆ ಹೊಡೆದು ಬಂದ ದಿನವೇ ಮತ್ತೊಮ್ಮೆ ಬಿಗಿಯಬೇಕು.

ನೋಂದಣಿ ದೊರೆತು ರಸ್ತೆಗೆ ಇಳಿಸುವವರು ಹಿಂದೆ ಕೆಂಪು ದೀಪ, ಎರಡು ಮೂಲೆಗೂ ಕೆಂಪು ಪ್ರತಿಫಲಕ, ಪಕ್ಕಗಳಿಗೆ ಹೊಳೆಯುವ ಪಟ್ಟಿ ಹಾಕಿಸಬೇಕು. ಟೊಮೆಟೊ ಹೊರಡುವುದು ಸಾಮಾನ್ಯವಾಗಿ ಕತ್ತಲಿನಲ್ಲೇ. ಬಸ್ಸಿನವನ ದೀಪಕ್ಕೆ ಮಣ್ಣು ಮೆತ್ತಿದ ತೊಟ್ಟಿ ಕಾಣುವ ಹೊತ್ತಿಗೆ ಅವನು ಬ್ರೇಕ್ ಹಾಕಿ ಪ್ರಯೋಜನವಿರುವುದಿಲ್ಲ. ಕಟಾವು ಮುಗಿಸಿ ಬರುವ ಕೂಲಿಯ ಹೆಂಗಸರನ್ನು ಬಾಕ್ಸುಗಳ ಮೇಲೆ ಕೂರಿಸಿಕೊಂಡು ಬರುವ ರೂಢಿಯನ್ನು ಈ ಟ್ರೈಲರಿನಿಂದಲಾದರೂ ಬಿಡಬೇಕು. ಇದು ಸಾಮಾನು ಸಾಗಿಸಲು ಮಾಡಿದ ತೊಟ್ಟಿ. ಹಿಡಿದುಕೊಳ್ಳಲು ಆಸರೆಯಿಲ್ಲ, ಮಗುಚಿದರೆ ಬಾಕ್ಸುಗಳೊಡನೆ ಅವರೂ ಕೆಳಗೆ. ಹೊಲ ದೂರವಿದ್ದರೆ ಅವರಿಗೆ ಆಟೋ ಖರ್ಚು ಕೊಟ್ಟು ಕಳುಹಿಸಿ.