ಪಾತ್ರವನ್ನು ತಿರುಗಿಸಿ ಬರೆಯುವ ವಿದ್ಯೆ
(ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)



ಚಿತ್ರ ಬರೆಯುವ ಮಕ್ಕಳಿಗೆ ಮನೆಯಲ್ಲಿ “ಇದರಿಂದ ಹೊಟ್ಟೆ ತುಂಬುತ್ತದೆಯೇ?” ಎಂಬ ಪ್ರಶ್ನೆ ಎದುರಾಗುವುದು ಸಹಜ. ತುಂಬಬಹುದು. ಆದರೆ ಒಂದು ಚೆಂದದ ಮುಖ ಬರೆದ ಮಾತ್ರಕ್ಕಲ್ಲ. ಅನಿಮೇಷನ್ ಕ್ಷೇತ್ರದಲ್ಲಿ ಪಾತ್ರ ವಿನ್ಯಾಸಕಾರರಾಗಬೇಕೆಂದಿದ್ದರೆ ನಿಮ್ಮ ಪಾತ್ರವನ್ನು ಸುತ್ತಲೂ ತಿರುಗಿಸಿ ಬರೆಯಲು ಕಲಿಯಿರಿ. ಮುಂಭಾಗ, ಮುಕ್ಕಾಲು ನೋಟ, ಪಕ್ಕ, ಬೆನ್ನು ಇವನ್ನು ಒಂದೇ ಹಾಳೆಯಲ್ಲಿ ಒಂದೇ ಅಳತೆಗೆ ಬರೆಯುವುದಕ್ಕೆ ‘ಟರ್ನ್‌ಅರೌಂಡ್’ ಎನ್ನುತ್ತಾರೆ.

ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮುಗಳು. ಒಂದು ಚಿತ್ರವನ್ನು ಎರಡು ಫ್ರೇಮಿಗೆ ನಿಲ್ಲಿಸಿದರೂ 12 ಚಿತ್ರ ಬೇಕು. ಬರೆಯುವವರು ಹತ್ತಾರು ಮಂದಿ. ಬೆನ್ನು ಹೇಗಿದೆಯೆಂದು ನೀವು ತೋರಿಸದಿದ್ದರೆ ಒಬ್ಬೊಬ್ಬರೂ ಒಂದೊಂದು ಬೆನ್ನು ಬರೆದಾರು! 1940ರ ‘ಪಿನೋಕಿಯೋ’ ಚಿತ್ರಕ್ಕಾಗಿ ಡಿಸ್ನಿ ಸಂಸ್ಥೆ ಪಾತ್ರಗಳ ಪುಟ್ಟ ಮೂರ್ತಿಗಳನ್ನೇ ಮಾಡಿಸಿತ್ತು. ಇಂದು ಕಂಪ್ಯೂಟರಿನಲ್ಲಿ ಪಾತ್ರ ಕಟ್ಟುವವರಿಗೂ ಮುಂಭಾಗದ ಮತ್ತು ಪಕ್ಕದ ಚಿತ್ರಗಳೇ ಆಧಾರ. ಎರಡರಲ್ಲಿ ಮೂಗಿನ ಎತ್ತರ ಹೊಂದದಿದ್ದರೆ ಅವರ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಮೊದಲು ಮುಂಭಾಗ ಬರೆಯಿರಿ. ನೆತ್ತಿ, ಕಣ್ಣು, ಗಲ್ಲ, ಭುಜ, ಸೊಂಟ, ಮೊಣಕಾಲು, ಪಾದ ಇವುಗಳಿಂದ ಹಾಳೆಯುದ್ದಕ್ಕೂ ಅಡ್ಡಗೆರೆ ಎಳೆಯಿರಿ. ಪಾತ್ರ ತಿರುಗಿದರೂ ಎತ್ತರ ಬದಲಾಗದು, ಅಗಲ ಮಾತ್ರ ಬದಲಾಗುತ್ತದೆ. ಕಷ್ಟವಿರುವುದು ಮುಕ್ಕಾಲು ನೋಟದಲ್ಲಿ. ತಲೆಯನ್ನು ಮೊಟ್ಟೆಯೆಂದು ಭಾವಿಸಿ. ಮುಖದ ನಡುಗೆರೆ ತಿರುಗಿದ ಕಡೆಗೆ ಸರಿದು ಬಾಗುತ್ತದೆ, ಆಚೆಯ ಕಣ್ಣು ಕಿರಿದಾಗುತ್ತದೆ. ಹೊಸಬರು ಎರಡೂ ಕಣ್ಣನ್ನು ಒಂದೇ ಅಗಲಕ್ಕೆ ಬರೆಯುವುದರಿಂದಲೇ ಮುಖ ರೊಟ್ಟಿಯಂತೆ ಚಪ್ಪಟೆಯಾಗುವುದು. ಪಕ್ಕದ ನೋಟದಲ್ಲಿ ಹಿಂದಲೆಯನ್ನು ಕತ್ತರಿಸಿಬಿಡುವುದೂ ಉಂಟು. ಕಿವಿ ತಲೆಯ ನಡುವಿಗಿಂತ ತುಸು ಹಿಂದಿರಲಿ, ಕತ್ತು ಮುಂದಕ್ಕೆ ವಾಲಿರಲಿ.

ಅಂಗಿಯ ಜೇಬು ಪಾತ್ರದ ಎಡಗಡೆ ಇದ್ದರೆ ಕೊನೆಯವರೆಗೂ ಪಾತ್ರದ ಎಡಗಡೆಯೇ ಇರಬೇಕು, ಹಾಳೆಯ ಎಡಗಡೆಯಲ್ಲ. ಕಂಪ್ಯೂಟರಿನಲ್ಲಿ ಚಿತ್ರವನ್ನು ಮಗುಚಿ ಇನ್ನೊಂದು ಪಕ್ಕ ಮಾಡಿಕೊಳ್ಳುವವರ ಜೇಬು ಬಲಕ್ಕೆ ಹೋಗಿರುತ್ತದೆ.

ಮಿಕ್ಕಿ ಮೌಸ್‌ನ ಕಿವಿಗಳನ್ನು ಗಮನಿಸಿದ್ದೀರಾ? ತಲೆ ಎತ್ತ ತಿರುಗಿದರೂ ಅವು ದುಂಡಗೇ ಕಾಣುತ್ತವೆ. ನಿಜವಾದ ಕಿವಿಗೆ ಇದು ಸಾಧ್ಯವೇ ಇಲ್ಲ. ಇಂಥ ಸುಳ್ಳನ್ನು ನೀವೂ ಹೇಳಬಹುದು, ಆದರೆ ಅದನ್ನು ಹಾಳೆಯಲ್ಲೇ ತೋರಿಸಿರಬೇಕು.

ಅಭ್ಯಾಸಕ್ಕೆ ದುಬಾರಿ ಕಂಪ್ಯೂಟರ್ ಬೇಕಿಲ್ಲ. ಮನೆಯ ಚಹಾದ ಕೆಟಲನ್ನು ಮೇಜಿನ ಮೇಲಿಟ್ಟು, ಪ್ರತಿ ಸಲ 45 ಡಿಗ್ರಿ ತಿರುಗಿಸುತ್ತಾ ಎಂಟು ಚಿತ್ರ ಬರೆಯಿರಿ. ಮೂತಿ ಮತ್ತು ಹಿಡಿ ಎಲ್ಲೆಲ್ಲಿಗೆ ಸರಿದವು ನೋಡಿ. ಆಮೇಲೆ ತಮ್ಮನನ್ನೋ ತಂಗಿಯನ್ನೋ ನಿಲ್ಲಿಸಿಕೊಂಡು ಬರೆಯಲು ಕುಳಿತುಕೊಳ್ಳಿ.